ಗೂಡಿನ ಮಾರುಕಟ್ಟೆಯಿಂದ ಜಿನೀವಾದವರೆಗೆ: ವ್ಯಾಪಾರ ಮಾತುಕತೆಗೆ ನಮ್ಮ ಸಂಘಗಳ ಅಹವಾಲು ತಲುಪಿಸುವ ಬಗೆ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಮುನ್ನ ಬಿಚ್ಚಾಣಿಕೆದಾರರೊಬ್ಬರು ಜಾಲರಿಯಲ್ಲಿ ಹರಡಿದ ಲಾಟಿನಿಂದ ಒಂದು ಹಿಡಿ ಗೂಡು ತೆಗೆದು, ಒಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಇನ್ನೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾರೆ. ಇಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಿಚ್ಚಬಹುದು, ಆ ನೂಲಿಗೆ ಈ ವಾರ ಇಷ್ಟು ಬೆಲೆಯಿದೆ, ಆದ್ದರಿಂದ ಗೂಡಿಗೆ ಇದಕ್ಕಿಂತ ಹೆಚ್ಚು ಕೂಗಲಾಗದು ಎಂಬುದು ಆ ಲೆಕ್ಕ. ನೂಲಿನ ಬೆಲೆ ಮಾತ್ರ ಶಿಡ್ಲಘಟ್ಟದಲ್ಲಿ ತೀರ್ಮಾನವಾಗುವುದಿಲ್ಲ. ಚೀನಾದ ಕಚ್ಚಾ ರೇಷ್ಮೆ ನಮ್ಮ ಬಂದರಿನಲ್ಲಿ ಯಾವ ಬೆಲೆಗೆ ಇಳಿಯುತ್ತದೆ, ಅದರ ಮೇಲೆ ಸರ್ಕಾರ ಎಷ್ಟು ಸುಂಕ ಹಾಕುತ್ತದೆ, ಆ ಸುಂಕವನ್ನು ಏರಿಸುವ ಅಧಿಕಾರ ಸರ್ಕಾರಕ್ಕೆ ಎಲ್ಲಿಯವರೆಗೆ ಇದೆ ಎಂಬ ಸಂಗತಿಗಳೆಲ್ಲ ಆ ಬೆಲೆಯ ಹಿಂದೆ ನಿಂತಿರುತ್ತವೆ. ಹೀಗಾಗಿ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಮಾತುಕತೆ ಹಿಪ್ಪುನೇರಳೆ ತೋಟದ ಬದುವಿನವರೆಗೂ ಬರುತ್ತದೆ. ತೋಟದವರ ಮಾತು ಜಿನೀವಾದವರೆಗೆ ಹೋಗುವ ದಾರಿಯೂ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಬೆಳೆಗಾರರ ಸಂಘಗಳು, ರೈತ ಉತ್ಪಾದಕ ಕಂಪನಿಗಳು ಮತ್ತು ಹಾಲು ಉತ್ಪಾದಕರ ಸಹಕಾರ ಸಂಘಗಳು ಆ ದಾರಿಯನ್ನು ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ವಿಶ್ವ ವ್ಯಾಪಾರ ಸಂಸ್ಥೆಯ ಸುದ್ದಿ ನಮ್ಮ ಭಾಗಕ್ಕೆ ಹೊಸದಲ್ಲ. ಆ ಸಂಸ್ಥೆ 1995ರ ಜನವರಿ 1ರಂದು ಅಸ್ತಿತ್ವಕ್ಕೆ ಬರುವ ಮೊದಲೇ ‘ಡಂಕೆಲ್’ ಎಂಬ ಹೆಸರು, ಅಂದರೆ ಅದಕ್ಕೆ ಮುಂಚಿನ ಗ್ಯಾಟ್ ವ್ಯಾಪಾರ ಒಪ್ಪಂದದ ಮುಖ್ಯಸ್ಥರು ಸಿದ್ಧಪಡಿಸಿದ ಕರಡಿನ ಹೆಸರು, ನಮ್ಮ ಅರಳಿಕಟ್ಟೆಗಳಲ್ಲಿ ಓಡಾಡಿತ್ತು. 1993ರ ಅಕ್ಟೋಬರ್ 2ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರಾಜ್ಯ ರೈತ ಸಂಘವು ಬೆಂಗಳೂರಿನಲ್ಲಿ ಅದರ ವಿರುದ್ಧ ಬೃಹತ್ ಸಮಾವೇಶ ನಡೆಸಿತ್ತು. ಬೀದಿಯ ಹೋರಾಟಕ್ಕೆ ಅದರದೇ ಆದ ತೂಕವಿದೆ. ಆದರೆ ಬೀದಿಯಲ್ಲಿ ಕೂಗಿ ಹೇಳಿದ್ದನ್ನು ಮಾತುಕತೆಯ ಮೇಜಿನ ಮುಂದೆ ಕುಳಿತ ನಮ್ಮ ಅಧಿಕಾರಿ ಎತ್ತಿ ಇಡಬಹುದಾದ ಒಂದು ಸಾಲಿಗೆ, ಒಂದು ಅಂಕಿಗೆ ಇಳಿಸುವ ಕೆಲಸದಲ್ಲಿ ನಾವು ಹಿಂದೆ ಬಿದ್ದಿದ್ದೇವೆ. ಅಭಿವೃದ್ಧಿಶೀಲ ರಾಷ್ಟ್ರವೊಂದು ಆ ಮೇಜಿನಲ್ಲಿ ಎಷ್ಟು ಗಟ್ಟಿಯಾಗಿ ಮಾತನಾಡಬಲ್ಲದು ಎಂಬುದು ಅದರ ಕೈಯಲ್ಲಿರುವ ಊರಿನ ಅಂಕಿಗಳ ಮೇಲೆ ಬಹಳ ಮಟ್ಟಿಗೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಈ ನಂಬಿಕೆ ಬಂದದ್ದು ಒಂದು ಸೋಲಿನಿಂದ. ಕೆಲವು ವರ್ಷಗಳ ಹಿಂದೆ ರೇಷ್ಮೆ ಬೆಳೆಗಾರರ ಸಂಘವೊಂದಕ್ಕೆ ನಾನು ಮೂರು ಪುಟದ ಮನವಿ ಬರೆದುಕೊಟ್ಟೆ. ಅದರಲ್ಲಿ ರೈತರ ಸಂಕಷ್ಟವಿತ್ತು, ಚೀನಾದ ರೇಷ್ಮೆಯನ್ನು ನಿಷೇಧಿಸಬೇಕೆಂಬ ಬೇಡಿಕೆಯಿತ್ತು, ಇನ್ನೂರಕ್ಕೂ ಹೆಚ್ಚು ಸಹಿಗಳಿದ್ದವು. ಎರಡು ತಿಂಗಳ ನಂತರ ‘ನಿಮ್ಮ ಮನವಿಯನ್ನು ಗಮನಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಆ ಪತ್ರವನ್ನು ಮತ್ತೆ ಓದಿದಾಗ ತಿಳಿಯಿತು: ಯಾವ ಸರಕಿನ ಸುಂಕ, ಈಗ ಎಷ್ಟಿದೆ, ಎಷ್ಟಾಗಬೇಕು, ಯಾವ ಕಾನೂನಿನ ಅಡಿಯಲ್ಲಿ ಆಗಬೇಕು ಎಂಬ ಯಾವುದನ್ನೂ ನಾನು ಬರೆದಿರಲಿಲ್ಲ, ಓದಿದ ಅಧಿಕಾರಿಗೆ ಮನಸ್ಸಿದ್ದರೂ ಅದನ್ನಿಟ್ಟುಕೊಂಡು ಮಾಡಬಹುದಾದದ್ದು ಏನೂ ಇರಲಿಲ್ಲ.

ಸರಕಿನ ಸಂಖ್ಯೆಯಿಂದ ಆರಂಭಿಸಿ

ಆದ್ದರಿಂದ ಮೊದಲ ಕೆಲಸ, ನಿಮ್ಮ ಬೆಳೆಗೆ ಇರುವ ಸಂಖ್ಯೆಯನ್ನು ಹುಡುಕುವುದು. ವಿಶ್ವ ಕಸ್ಟಮ್ಸ್ ಸಂಸ್ಥೆ ರೂಪಿಸಿರುವ ಎಚ್‌ಎಸ್ ಪಟ್ಟಿಯಲ್ಲಿ ವ್ಯಾಪಾರಕ್ಕೆ ಬರುವ ಪ್ರತಿಯೊಂದು ಸರಕಿಗೂ ಒಂದು ಸಂಖ್ಯೆಯಿದೆ. ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಒಂದೇ, ಭಾರತ ಅದಕ್ಕೆ ಇನ್ನೆರಡು ಅಂಕಿ ಸೇರಿಸಿ ಎಂಟು ಅಂಕಿಯ ಸಾಲು ಮಾಡಿಕೊಂಡಿದೆ. ಮೊದಲ ನಾಲ್ಕು ಅಂಕಿಗಳಲ್ಲಿ ಹೇಳುವುದಾದರೆ ರೇಷ್ಮೆ ಗೂಡು 5001, ಕಚ್ಚಾ ರೇಷ್ಮೆ 5002, ಟೊಮೆಟೊ 0702, ಕೊಬ್ಬರಿ 1203, ತಾಳೆ ಎಣ್ಣೆ 1511, ಮಾವು 0804, ಹಾಲಿನ ಪುಡಿ 0402. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಅಧ್ಯಾಯವಾರು ಸುಂಕದ ಪಟ್ಟಿ ಇರುತ್ತದೆ. ನಿಮ್ಮ ಸರಕಿನ ಎಂಟು ಅಂಕಿಯ ಸಾಲನ್ನೂ ಅದರ ಎದುರಿನ ದರವನ್ನೂ ಅಲ್ಲಿಂದ ಬರೆದುಕೊಳ್ಳಿ. ಪಟ್ಟಿಯಲ್ಲಿರುವ ದರವೇ ಅಂತಿಮವಲ್ಲ ಎಂಬುದನ್ನು ಮರೆಯಬಾರದು. ಪ್ರತ್ಯೇಕ ಅಧಿಸೂಚನೆಯ ಮೂಲಕ ಸರ್ಕಾರ ಆ ದರವನ್ನು ಇಳಿಸಿರಬಹುದು, ಮೇಲೆ ಸೆಸ್ ಹಾಕಿರಬಹುದು. ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕವನ್ನೂ ಸೇರಿಸಿ ಬರೆದುಕೊಂಡಾಗ ಮಾತ್ರ ಈ ಕೆಲಸ ಮುಗಿಯುತ್ತದೆ.

ರೇಷ್ಮೆಯವರು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಸುಂಕದ ಪಟ್ಟಿಯಲ್ಲಿ ರೇಷ್ಮೆ ಜವಳಿಯ ಭಾಗದಲ್ಲಿ, 50ನೇ ಅಧ್ಯಾಯದಲ್ಲಿ ಕುಳಿತಿದೆ. ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ ಮೊದಲ ಅನುಬಂಧವು 5001ರಿಂದ 5003ರವರೆಗಿನ ಸರಕುಗಳನ್ನು, ಅಂದರೆ ಗೂಡು, ಕಚ್ಚಾ ರೇಷ್ಮೆ ಮತ್ತು ರೇಷ್ಮೆ ತ್ಯಾಜ್ಯವನ್ನು, ಕೃಷಿ ಉತ್ಪನ್ನವೆಂದೇ ಪರಿಗಣಿಸುತ್ತದೆ; ನೇಯ್ದ ಬಟ್ಟೆಗೆ ಆ ಮಾನ್ಯತೆ ಇಲ್ಲ. ಹೊಸ ಒಪ್ಪಂದವೊಂದಕ್ಕೆ ಸಹಿ ಬಿದ್ದಾಗ ‘ಕೃಷಿಯನ್ನು ರಕ್ಷಿಸಲಾಗಿದೆ’ ಎಂಬ ಹೇಳಿಕೆ ಬರುವುದು ವಾಡಿಕೆ. ಆ ರಕ್ಷಣೆಯೊಳಗೆ ಕಚ್ಚಾ ರೇಷ್ಮೆಯೂ ಸೇರಿದೆಯೇ, ಅಥವಾ ಜವಳಿಯ ಲೆಕ್ಕದಲ್ಲಿ ಅದು ಸುಂಕ ಕಡಿತದ ಪಟ್ಟಿಗೆ ಜಾರಿದೆಯೇ ಎಂಬುದನ್ನು ಬೇರೆ ಯಾರೂ ನಮಗಾಗಿ ನೋಡುವುದಿಲ್ಲ. ನಾವೇ ಸಾಲು ಹುಡುಕಿ ನೋಡಬೇಕು.

ಯಾವ ಬೇಲಿಯ ಬಳಿ ನಿಂತಿದ್ದೀರಿ ಎಂದು ತಿಳಿಯಿರಿ

ಈ ಕೆಲಸದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಒಂದು ಸರಕಿನ ಸುಂಕಕ್ಕೆ ಮೂರು ಬೇಲಿಗಳಿರಬಹುದು. ಹೊರಗಿನ ಬೇಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಭಾರತ ಕೊಟ್ಟ ಮಾತು. ಇದನ್ನು ಬೌಂಡ್ ದರ ಎನ್ನುತ್ತಾರೆ, ಸಾಮಾನ್ಯವಾಗಿ ಇದನ್ನು ಮೀರಿ ಸುಂಕ ಏರಿಸುವಂತಿಲ್ಲ. ಮಧ್ಯದ ಬೇಲಿ ನಿರ್ದಿಷ್ಟ ದೇಶ ಅಥವಾ ದೇಶಗಳ ಕೂಟದೊಂದಿಗೆ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದ. ಅದು ಆ ದೇಶಗಳಿಂದ ಬರುವ ಸರಕಿಗೆ ಮಾತ್ರ ಅನ್ವಯ. ಒಳಗಿನ ಬೇಲಿ ದೆಹಲಿ ತಾನೇ ಇವತ್ತಿಗೆ ನಿಗದಿ ಮಾಡಿರುವ ದರ.

ತಾಳೆ ಎಣ್ಣೆಯನ್ನು ನೋಡಿದರೆ ಮೂರೂ ಬೇಲಿಗಳು ಸ್ಪಷ್ಟವಾಗಿ ಕಾಣುತ್ತವೆ. ಕಚ್ಚಾ ತಾಳೆ ಎಣ್ಣೆಗೆ ಭಾರತದ ಬೌಂಡ್ ದರ ಶೇ 300. ಆದರೆ 2010ರ ಜನವರಿ 1ರಿಂದ ಜಾರಿಗೆ ಬಂದ, ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದಲ್ಲಿ, ಇಂಡೊನೇಷ್ಯಾ ಮತ್ತು ಮಲೇಷ್ಯಾ ಸೇರಿದಂತೆ ಆ ಕೂಟದ ಕಚ್ಚಾ ತಾಳೆ ಎಣ್ಣೆಯ ಸುಂಕವನ್ನು ಹಂತ ಹಂತವಾಗಿ ಶೇ 37.5ಕ್ಕೆ ಇಳಿಸಲು ಭಾರತ ಒಪ್ಪಿಕೊಂಡಿತು. ನಮಗೆ ಬರುವ ತಾಳೆ ಎಣ್ಣೆಯ ಬಹುಪಾಲು ಆ ಕಡೆಯಿಂದಲೇ ಬರುವುದರಿಂದ ಶೇ 300 ಎಂಬುದು ಕಾಗದದ ಮೇಲೆ ಮಾತ್ರ ಉಳಿಯಿತು. ಇನ್ನು ದೆಹಲಿ ಹಾಕುವ ಮೂಲ ಸುಂಕವು 2024ರ ಸೆಪ್ಟೆಂಬರ್‌ನಲ್ಲಿ ಶೇ 20ಕ್ಕೆ ಏರಿ, 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಯಿತು. ಶೇ 20ನ್ನು ಶೇ 10 ಮಾಡಬೇಕೆಂದು ಯಾವ ವಿದೇಶಿ ಒಪ್ಪಂದವೂ ಹೇಳಿರಲಿಲ್ಲ. ಪೇಟೆಯಲ್ಲಿ ಅಡುಗೆ ಎಣ್ಣೆಯ ಬೆಲೆ ಇಳಿಸಲು ನಮ್ಮದೇ ಸರ್ಕಾರ ಕೈಗೊಂಡ ತೀರ್ಮಾನ ಅದು. ಪಾವಗಡದ ಕಡಲೆಕಾಯಿ ಬೆಳೆಗಾರರು ಶೇ 10ಕ್ಕಿಂತ ಮೇಲೆ, ಶೇ 37.5ರೊಳಗೆ ಏನನ್ನಾದರೂ ಕೇಳುವುದಾದರೆ ಆ ಪತ್ರ ಹಣಕಾಸು ಸಚಿವಾಲಯಕ್ಕೆ ಹೋಗಬೇಕು. ಶೇ 37.5ನ್ನೇ ದಾಟಬೇಕೆಂದಿದ್ದರೆ ವಾಣಿಜ್ಯ ಸಚಿವಾಲಯಕ್ಕೆ ಬರೆದು, 2023ರಿಂದ ನಡೆದುಬಂದಿರುವ ಆಸಿಯಾನ್ ಒಪ್ಪಂದದ ಮರುಪರಿಶೀಲನೆಯಲ್ಲಿ ಆ ಸಾಲನ್ನು ಎತ್ತುವಂತೆ ಕೇಳಬೇಕು. ಸೋಯಾ ಎಣ್ಣೆಯ ಬೌಂಡ್ ದರ ಶೇ 45 ಮಾತ್ರ, ಆದ್ದರಿಂದ ಅದೇ ಪತ್ರದಲ್ಲಿ ಎರಡೂ ಎಣ್ಣೆಗಳಿಗೆ ಒಂದೇ ದರ ಕೇಳಿದರೆ ಓದುವವರು ಮೊದಲ ಪುಟದಲ್ಲೇ ಪತ್ರವನ್ನು ಬದಿಗಿಡುತ್ತಾರೆ.

ರೇಷ್ಮೆಯ ಕಥೆಯೂ ಇದೇ ಪಾಠ ಹೇಳುತ್ತದೆ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕ ಶೇ 30ರಿಂದ ಒಮ್ಮೆಲೇ ಶೇ 5ಕ್ಕೆ ಇಳಿಯಿತು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಲಾಯಿತು. ಮುಂದೆ ಶೇ 10ಕ್ಕೆ ಬಂದು, 2021ರ ಬಜೆಟ್‌ನಲ್ಲಿ ಮತ್ತೆ ಶೇ 15 ಆಯಿತು. 2011ರ ಇಳಿಕೆಯ ನಂತರ ನಮ್ಮ ಕಡೆಯ ಸಭೆಗಳಲ್ಲಿ ಡಬ್ಲ್ಯುಟಿಒ ವಿರುದ್ಧ ಘೋಷಣೆಗಳನ್ನು ಕೇಳಿದ್ದೇನೆ, ಆದರೆ ಆ ತೀರ್ಮಾನ ಬಜೆಟ್ ಪುಸ್ತಕದಲ್ಲಿತ್ತು. ವಿಳಾಸ ತಪ್ಪಿದ ಸಿಟ್ಟು ಯಾರಿಗೂ ತಲುಪುವುದಿಲ್ಲ.

ಹೊರಗಿನ ಬೇಲಿಯೂ ಶಾಶ್ವತವಲ್ಲ ಎಂಬುದಕ್ಕೆ ಹಾಲಿನ ಪುಡಿಯ ಉದಾಹರಣೆಯಿದೆ. ಭಾರತವು ಗ್ಯಾಟ್ ಒಪ್ಪಂದದ ಕಾಲದಲ್ಲಿ ಕೆನೆರಹಿತ ಹಾಲಿನ ಪುಡಿಯ ಮೇಲೆ ಸೊನ್ನೆ ಸುಂಕಕ್ಕೆ ಮಾತು ಕೊಟ್ಟಿತ್ತು. ಆಗ ನಮ್ಮಲ್ಲಿ ಹಾಲಿನ ಕೊರತೆಯಿತ್ತು. ಕ್ಷೀರಕ್ರಾಂತಿಯ ನಂತರ ಅದೇ ಮಾತು ಉರುಳಾಯಿತು. 1999ರ ಕೊನೆಯಲ್ಲಿ ಭಾರತವು ಗ್ಯಾಟ್‌ನ 28ನೇ ವಿಧಿಯ ಅಡಿಯಲ್ಲಿ ಮರುಮಾತುಕತೆ ನಡೆಸಿ ಬೌಂಡ್ ದರವನ್ನು ಶೇ 60ಕ್ಕೆ ಏರಿಸಿಕೊಂಡಿತು. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 10,000 ಟನ್ ಪುಡಿಯನ್ನು ಶೇ 15ರ ಸುಂಕಕ್ಕೆ ಬಿಟ್ಟುಕೊಳ್ಳಲು ಒಪ್ಪಿತು. ಕೊಟ್ಟ ಮಾತನ್ನು ಹಿಂಪಡೆಯಬಹುದು, ಆದರೆ ಅದಕ್ಕೆ ಬದಲಾಗಿ ಏನನ್ನಾದರೂ ಕೊಡಬೇಕಾಗುತ್ತದೆ. ನಿಮ್ಮ ಬೇಡಿಕೆ ಈ ಬಗೆಯದಾದರೆ, ಸರ್ಕಾರ ಬದಲಿಗೆ ಏನು ಕೊಡಬಹುದು ಎಂಬುದನ್ನೂ ನೀವೇ ಯೋಚಿಸಿ ಸೂಚಿಸುವುದು ಒಳ್ಳೆಯದು.

ಆಮದು ಮಾತ್ರವಲ್ಲ, ರಫ್ತಿಗೂ ನಮ್ಮದೇ ಬೇಲಿ ಅಡ್ಡ ಬರುವುದುಂಟು. ಚಿಕ್ಕಬಳ್ಳಾಪುರ ಮತ್ತು ಕೋಲಾರದ ಕಡೆ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಯನ್ನು ನಮ್ಮ ಊರುಗಳಲ್ಲಿ ತಿನ್ನುವವರು ಕಡಿಮೆ. ಮಲೇಷ್ಯಾ, ಸಿಂಗಪುರದಂತಹ ದೇಶಗಳಿಗೆಂದೇ ಅದನ್ನು ಬೆಳೆಯುತ್ತಾರೆ. 2023ರ ಆಗಸ್ಟ್‌ನಲ್ಲಿ ಎಲ್ಲ ಈರುಳ್ಳಿಯ ಮೇಲೆ ಶೇ 40ರ ರಫ್ತು ಸುಂಕ ಬಿದ್ದಾಗ ಗುಲಾಬಿ ಈರುಳ್ಳಿಯೂ ಅದರಲ್ಲಿ ಸಿಕ್ಕಿಬಿತ್ತು. ದೇಶದ ಪೇಟೆಯಲ್ಲಿ ಬಳಕೆಯಾಗದ ತಳಿಯನ್ನು ತಡೆದರೆ ಗ್ರಾಹಕರಿಗೆ ಏನೂ ಲಾಭವಿಲ್ಲ ಎಂಬ ಸರಳ ವಾದ ಕೆಲಸ ಮಾಡಿತು: ಸೆಪ್ಟೆಂಬರ್ ಕೊನೆಯಲ್ಲಿ, ಕರ್ನಾಟಕದ ತೋಟಗಾರಿಕೆ ಆಯುಕ್ತರು ತಳಿ ಮತ್ತು ಪ್ರಮಾಣವನ್ನು ದೃಢೀಕರಿಸಬೇಕೆಂಬ ಷರತ್ತಿನೊಂದಿಗೆ ವಿನಾಯಿತಿ ಸಿಕ್ಕಿತು. ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತೇ ನಿಷೇಧವಾದಾಗ ಮತ್ತೆ ಮೊದಲಿನಿಂದ ಕೇಳಬೇಕಾಯಿತು, 2024ರ ಮೇ ತಿಂಗಳಲ್ಲಿ ಸುಂಕದಿಂದ ಮತ್ತೆ ವಿನಾಯಿತಿ ಬಂತು. ಬೇಡಿಕೆ ಎಷ್ಟು ಕಿರಿದಾಗಿರುತ್ತದೋ ಅಷ್ಟು ಬೇಗ ಒಪ್ಪಿಗೆಯಾಗುತ್ತದೆ ಎಂಬುದನ್ನು ಆ ಬೆಳೆಗಾರರಿಂದ ಕಲಿಯಬೇಕು.

ಅಂಕಿಗಳನ್ನು ಕೂಡಿಡುವುದು

ಎರಡು ಬಗೆಯ ಅಂಕಿಗಳು ಬೇಕು. ಒಂದು, ದೇಶಕ್ಕೆ ಬಂದ ಸರಕಿನ ಪ್ರಮಾಣ ಮತ್ತು ಮೌಲ್ಯ. ವಾಣಿಜ್ಯ ಸಚಿವಾಲಯದ ಆಮದು–ರಫ್ತು ದತ್ತಾಂಶ ಕೋಶದಲ್ಲಿ ಎಂಟು ಅಂಕಿಯ ಸಂಖ್ಯೆ ಕೊಟ್ಟು, ದೇಶವಾರು, ವರ್ಷವಾರು ಉಚಿತವಾಗಿ ನೋಡಬಹುದು. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿದರೆ ಕಿಲೋಗೆ ಸರಾಸರಿ ಆಮದು ಬೆಲೆ ಸಿಗುತ್ತದೆ. ಇನ್ನೊಂದು, ನಮ್ಮ ಪೇಟೆಯ ಬೆಲೆ. ಎಪಿಎಂಸಿ ಮಾರುಕಟ್ಟೆಗಳ ಆವಕ ಮತ್ತು ಧಾರಣೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದೊರೆಯುತ್ತದೆ. ಗೂಡಿನ ಧಾರಣೆ ರೇಷ್ಮೆ ಇಲಾಖೆಯಲ್ಲಿರುತ್ತದೆ. ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ಈ ಎರಡು ಬೆಲೆಗಳನ್ನು ಒಂದೇ ಹಾಳೆಯಲ್ಲಿ, ತಿಂಗಳಿಗೊಂದು ಸಾಲಿನಂತೆ, ಕನಿಷ್ಠ ಮೂರು ವರ್ಷದಷ್ಟು ಬರೆದಾಗ ಆಮದು ಬೆಲೆ ಬಿದ್ದ ಎಷ್ಟು ದಿನಕ್ಕೆ ನಮ್ಮ ಧಾರಣೆ ಬೀಳುತ್ತದೆ, ಅಥವಾ ಬೀಳುವುದೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುತ್ತದೆ.

ಕಂಡದ್ದನ್ನಷ್ಟೇ ಬರೆಯಬೇಕು. ತಿಪಟೂರಿನ ಉಂಡೆ ಕೊಬ್ಬರಿಯ ವಿಷಯದಲ್ಲಿ ಈ ಎಚ್ಚರಿಕೆ ತುಂಬ ಮುಖ್ಯ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು, ಚಿಪ್ಪಿನೊಳಗೇ ಒಣಗಿ, ಅಲ್ಲಾಡಿಸಿದಾಗ ಗಡಗಡ ಸದ್ದು ಮಾಡುವ ಆ ಕೊಬ್ಬರಿಯನ್ನು ಉತ್ತರ ಭಾರತದವರು ತಿನ್ನಲು ಕೊಳ್ಳುತ್ತಾರೆ. ಗಾಣಕ್ಕೆ ಹೋಗುವುದು ಹೆಚ್ಚಾಗಿ ಎಣ್ಣೆ ಕೊಬ್ಬರಿ. ತಾಳೆ ಎಣ್ಣೆಯ ನೇರ ಪೈಪೋಟಿ ಇರುವುದು ಎಣ್ಣೆ ಕೊಬ್ಬರಿಗೆ. ಉಂಡೆ ಕೊಬ್ಬರಿಯ ಧಾರಣೆ ಕುಸಿದಾಗಲೆಲ್ಲ ತಾಳೆ ಎಣ್ಣೆಯೇ ಕಾರಣ ಎಂದು ಬರೆದರೆ, ಅಧಿಕಾರಿಯೊಬ್ಬರು ಒಂದೇ ಪ್ರಶ್ನೆಯಲ್ಲಿ ಅದನ್ನು ಕೆಡವಬಲ್ಲರು, ಆಮೇಲೆ ನಿಮ್ಮ ನಿಜವಾದ ಅಂಕಿಗಳಿಗೂ ಬೆಲೆ ಉಳಿಯುವುದಿಲ್ಲ. ಕೇಂದ್ರ ಸರ್ಕಾರವೂ ಈ ಎರಡು ಕೊಬ್ಬರಿಗಳಿಗೆ ಬೇರೆ ಬೇರೆ ಬೆಂಬಲ ಬೆಲೆ ಪ್ರಕಟಿಸುತ್ತದೆ; 2025ರ ಹಂಗಾಮಿಗೆ ಕ್ವಿಂಟಲ್‌ಗೆ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಇತ್ತು. ಪತ್ರದಲ್ಲಿಯೂ ಎರಡನ್ನು ಬೇರ್ಪಡಿಸಿಯೇ ಬರೆಯಿರಿ.

ಪತ್ರ ಬರೆಯುವ ಕ್ರಮ

ಎರಡು ಪುಟ ಮೀರದಿರಲಿ, ಕೋಷ್ಟಕಗಳನ್ನು ಅನುಬಂಧದಲ್ಲಿಡಿ. ಕನ್ನಡದಲ್ಲಿ ಸಭೆಯ ನಿರ್ಣಯ ಮಾಡಿ, ಅದರೊಂದಿಗೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿ, ಏಕೆಂದರೆ ದೆಹಲಿಯಲ್ಲಿ ಕಡತ ಓಡಾಡುವುದು ಆ ಭಾಷೆಯಲ್ಲಿ. ಮೊದಲ ವಾಕ್ಯದಲ್ಲೇ ಸಂಘದ ನೋಂದಣಿ, ಸದಸ್ಯರ ಸಂಖ್ಯೆ ಮತ್ತು ಎಕರೆ ಬರಲಿ, ಎರಡನೆಯದರಲ್ಲಿ ಸರಕಿನ ಸಂಖ್ಯೆ ಮತ್ತು ಈಗಿನ ದರ, ಮೂರನೆಯದರಲ್ಲಿ ಬೇಡಿಕೆ. ನಾನು ಈಗ ಬರೆದುಕೊಡುವ ಪತ್ರಗಳ ಬೇಡಿಕೆಯ ಭಾಗ ಹೀಗಿರುತ್ತದೆ: ‘5002ರ ಕಚ್ಚಾ ರೇಷ್ಮೆಯನ್ನು ಯಾವುದೇ ಹೊಸ ಒಪ್ಪಂದದ ಸುಂಕ ಕಡಿತದ ಪಟ್ಟಿಗೆ ಸೇರಿಸಬಾರದೆಂದು ಕೋರುತ್ತೇವೆ. ಸೇರಿಸುವುದು ಅನಿವಾರ್ಯವಾದಲ್ಲಿ, ಕಡಿತವು ಹತ್ತು ವರ್ಷಗಳಲ್ಲಿ ಹಂತ ಹಂತವಾಗಿ ನಡೆಯಬೇಕು; ಆಮದು ಹಠಾತ್ತನೆ ಏರಿದರೆ ಹಳೆಯ ದರಕ್ಕೆ ಮರಳುವ ಷರತ್ತಿರಬೇಕು; ಒಪ್ಪಂದದ ಹೊರಗಿನ ದೇಶದ ರೇಷ್ಮೆ ಒಪ್ಪಂದದ ದೇಶದ ಹೆಸರಿನಲ್ಲಿ ಬಾರದಂತೆ ಮೂಲದ ನಿಯಮ ಬಿಗಿಯಾಗಿರಬೇಕು.’ ಮಾತುಕತೆಗೆ ಕುಳಿತವರಿಗೆ ಪೂರ್ತಿ ‘ಬೇಡ’ ಎನ್ನಲು ಆಗದ ದಿನ ಬರುತ್ತದೆ. ಆ ದಿನ ಅವರ ಕೈಯಲ್ಲಿ ನಮ್ಮ ಎರಡನೆಯ ಆಯ್ಕೆ ಇಲ್ಲದಿದ್ದರೆ ಅದನ್ನು ಅವರೇ ತೀರ್ಮಾನಿಸಿಕೊಳ್ಳುತ್ತಾರೆ.

ಪತ್ರ ಬರೆಯುವ ಮುನ್ನ ಮನೆಯೊಳಗಿನ ವ್ಯಾಜ್ಯ ಬಗೆಹರಿಯಬೇಕು. ಬೆಳೆಗಾರರಿಗೆ ಸುಂಕ ಹೆಚ್ಚಿರಬೇಕು. ನೇಕಾರರಿಗೆ ನೂಲು ಅಗ್ಗವಾಗಿ ಸಿಗಬೇಕು. ಬಿಚ್ಚಾಣಿಕೆದಾರರು ಗೂಡು ಕೊಳ್ಳುವಾಗ ಒಂದು ಕಡೆ, ನೂಲು ಮಾರುವಾಗ ಇನ್ನೊಂದು ಕಡೆ ನಿಲ್ಲುತ್ತಾರೆ. ಮೂವರೂ ಬೇರೆ ಬೇರೆ ಪತ್ರ ಬರೆದರೆ ದೆಹಲಿಯಲ್ಲಿ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಯಾವ ದರ್ಜೆಯ ರೇಷ್ಮೆ ನಮ್ಮಲ್ಲಿ ಸಾಲದು, ಯಾವುದು ಸಾಕಷ್ಟಿದೆ ಎಂದು ಮೂವರೂ ಕುಳಿತು ಬೇರ್ಪಡಿಸಿದರೆ ಒಪ್ಪುವ ಮಾತು ಸಿಗುತ್ತದೆ. ಕೋಲಾರದಲ್ಲಿ ಇದು ಒಂದೇ ಮನೆಯೊಳಗೂ ನಡೆಯುತ್ತಿದೆ: ತಂದೆ ಟೊಮೆಟೊ ಬೆಳೆಯುತ್ತಾರೆ, ಮಗಳು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಮೊಬೈಲ್ ಜೋಡಿಸುತ್ತಾಳೆ. ಮೊಬೈಲ್ ಮೇಲಿನ ಭಾರತದ ಸುಂಕದ ವಿರುದ್ಧ ಜಪಾನ್, ಐರೋಪ್ಯ ಒಕ್ಕೂಟ ಮತ್ತು ತೈವಾನ್ ಹೂಡಿದ ವ್ಯಾಜ್ಯಗಳಲ್ಲಿ 2023ರ ಏಪ್ರಿಲ್‌ನಲ್ಲಿ ಭಾರತದ ವಿರುದ್ಧ ವರದಿಗಳು ಬಂದವು. ಒಂದು ಕಡೆ ಉಳಿಸಿಕೊಳ್ಳಲು ಇನ್ನೊಂದು ಕಡೆ ಬಿಟ್ಟುಕೊಡುವುದೇ ಆ ಮೇಜಿನ ವ್ಯವಹಾರವಾದ್ದರಿಂದ, ಎಲ್ಲವನ್ನೂ ರಕ್ಷಿಸಿ ಎಂಬ ಬೇಡಿಕೆಯಿಂದ ಯಾವುದೂ ಉಳಿಯುವುದಿಲ್ಲ.

ಒಪ್ಪುವ ಒಂದು ಮಾತಿನಲ್ಲಿ ಕೂಡುವ ಈ ಕೆಲಸವನ್ನು ರಾಷ್ಟ್ರಗಳೂ ಮಾಡಿವೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಈಗ 166 ಸದಸ್ಯರಿದ್ದಾರೆ, ತೀರ್ಮಾನಗಳು ಒಮ್ಮತದಿಂದ ಆಗಬೇಕು. ಬಡ ರಾಷ್ಟ್ರ ಒಂಟಿಯಾಗಿ ‘ಒಪ್ಪುವುದಿಲ್ಲ’ ಎಂದಾಗ ಅದರ ಮೇಲೆ ಬೀಳುವ ಒತ್ತಡವನ್ನು ತಡೆಯುವುದು ಕಷ್ಟ. 2003ರ ಕಾನ್‌ಕುನ್ ಸಚಿವರ ಸಮಾವೇಶಕ್ಕೆ ಮುನ್ನ ಬ್ರೆಜಿಲ್, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಮೊದಲಾದವು ಕೃಷಿ ಸಬ್ಸಿಡಿಯ ವಿಷಯದಲ್ಲಿ ಜಿ–20 ಎಂಬ ಕೂಟ ಕಟ್ಟಿದವು (ಇದು ಶೃಂಗಸಭೆ ನಡೆಸುವ ಜಿ–20 ಅಲ್ಲ). ರಫ್ತಿಗೆಂದು ಬೆಳೆಯುವ ಬ್ರೆಜಿಲ್‌ಗೂ ಸಣ್ಣ ಹಿಡುವಳಿಗಳನ್ನು ಉಳಿಸಿಕೊಳ್ಳಬೇಕಾದ ಭಾರತಕ್ಕೂ ಹಿತಾಸಕ್ತಿ ಒಂದೇ ಆಗಿರಲಿಲ್ಲ. ಶ್ರೀಮಂತ ರಾಷ್ಟ್ರಗಳ ಸಬ್ಸಿಡಿ ಇಳಿಯಬೇಕು ಎಂಬ ಒಂದು ಮಾತಿನಲ್ಲಿ ಅವು ಕೂಡಿದವು. ಆ ಸಮಾವೇಶ ಮುರಿದುಬಿತ್ತು. ಮರುವರ್ಷ ಹೂಡಿಕೆ, ಸ್ಪರ್ಧಾ ನೀತಿ ಮತ್ತು ಸರ್ಕಾರಿ ಖರೀದಿ ಎಂಬ ಮೂರು ವಿಷಯಗಳನ್ನು ದೋಹಾ ಸುತ್ತು ಎಂಬ ಆ ಮಾತುಕತೆಯ ಕಾರ್ಯಸೂಚಿಯಿಂದ ಕೈಬಿಡಲಾಯಿತು. ಇಂಡೊನೇಷ್ಯಾ ಮುಂದಾಳತ್ವದ ಜಿ–33 ಕೂಟವು, ಆಮದು ಏರಿದಾಗ ಸುಂಕ ಏರಿಸುವ ವಿಶೇಷ ರಕ್ಷಣಾ ವ್ಯವಸ್ಥೆಯನ್ನು ಕೇಳುತ್ತ ಬಂದಿದೆ. 2008ರ ಜುಲೈನಲ್ಲಿ ಜಿನೀವಾದಲ್ಲಿ ಮಾತುಕತೆ ಮುರಿಯಲು ಮುಖ್ಯ ಕಾರಣವೂ ಇದೇ: ಬೌಂಡ್ ದರವನ್ನು ಮೀರಿ ಸುಂಕ ಹಾಕಲು ಆಮದು ಶೇ 40ರಷ್ಟು ಏರುವವರೆಗೆ ಕಾಯಬೇಕೆಂದು ಮುಂದಿಟ್ಟ ಕರಡನ್ನು ಭಾರತ ಒಪ್ಪಲಿಲ್ಲ. ಆಮದು ಎಷ್ಟು ಏರಿದರೆ ನಮ್ಮ ಗೂಡಿನ ಬೆಲೆ ಬೆಳೆಗಾರನ ಖರ್ಚಿಗಿಂತ ಕೆಳಗಿಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಹಾಳೆಯಲ್ಲಿರುತ್ತದೆ. ಇಂತಹ ವಾದಕ್ಕೆ ಬೇಕಾದ ಅಂಕಿ ಅದೇ.

ಯಾರಿಗೆ, ಯಾವಾಗ

ಸಂವಿಧಾನದ ಪ್ರಕಾರ ಕೃಷಿ ರಾಜ್ಯದ ವಿಷಯ, ವಿದೇಶಿ ವ್ಯಾಪಾರ ಮತ್ತು ಒಪ್ಪಂದಗಳು ಕೇಂದ್ರದ ವಿಷಯ. ಒಪ್ಪಂದಕ್ಕೆ ಸಂಸತ್ತಿನ ಅನುಮೋದನೆ ಕಡ್ಡಾಯವೂ ಅಲ್ಲ. ಆದ್ದರಿಂದ ಸಹಿ ಬಿದ್ದ ಮೇಲೆ ಮಾಡಬಹುದಾದದ್ದು ಕಡಿಮೆ, ಮೊದಲೇ ಮಾಡಬಹುದಾದದ್ದು ಬಹಳ. ಬಜೆಟ್ ಫೆಬ್ರುವರಿ 1ಕ್ಕೆ ಬರುವುದರಿಂದ ಸುಂಕದ ಮನವಿ ದೀಪಾವಳಿಯ ವೇಳೆಗೆ ಹಣಕಾಸು ಸಚಿವಾಲಯದಲ್ಲಿರಬೇಕು. ಮುಕ್ತ ವ್ಯಾಪಾರ ಒಪ್ಪಂದದ ಸುದ್ದಿ ಪತ್ರಿಕೆಯಲ್ಲಿ ಮೊದಲು ಕಾಣಿಸಿದ ವಾರವೇ ವಾಣಿಜ್ಯ ಇಲಾಖೆಗೆ ಬರೆಯಬೇಕು, ಎರಡೂ ಕಡೆಯವರು ಸರಕಿನ ಪಟ್ಟಿ ವಿನಿಮಯ ಮಾಡಿಕೊಂಡ ಮೇಲೆ ಒಂದು ಸಾಲನ್ನು ಹೊರತೆಗೆಯುವುದು ಬಹಳ ಕಷ್ಟ. ಪ್ರತಿಯನ್ನು ರಾಜ್ಯದ ಕೃಷಿ, ತೋಟಗಾರಿಕೆ ಅಥವಾ ರೇಷ್ಮೆ ಇಲಾಖೆಗೂ ವಾಣಿಜ್ಯಕ್ಕೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿಗೂ ಕಳುಹಿಸಿ. 2019ರಲ್ಲಿ ಆರ್‌ಸಿಇಪಿ ಎಂಬ ಏಷ್ಯಾ–ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದ ವಿರುದ್ಧ ದೇಶದ ಹಾಲು ಸಹಕಾರಿಗಳು ನ್ಯೂಜಿಲೆಂಡಿನ ಹಾಲಿನ ಪುಡಿಯ ಅಪಾಯವನ್ನು ಸಹಿಗೆ ಮೊದಲೇ ಒಂದೇ ದನಿಯಲ್ಲಿ ಎತ್ತಿದ್ದವು. ಆ ವರ್ಷದ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಒಪ್ಪಂದದಿಂದ ಹೊರಬಂತು. ಕಾರಣಗಳು ಹಲವಿದ್ದವು, ಹಾಲು ಅವುಗಳಲ್ಲಿ ಒಂದು. 2022ರ ಕೊನೆಯಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಲ್ಲಿಯೂ ಹಾಲಿನ ಉತ್ಪನ್ನಗಳನ್ನು ಹೊರಗಿಡಲಾಯಿತು.

ಮಾಹಿತಿ ಸಿಗದಿದ್ದಾಗ ನಿಮ್ಮ ಕ್ಷೇತ್ರದ ಸಂಸದರ ಮೂಲಕ ಪ್ರಶ್ನೆ ಕೇಳಿಸಿ. ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನಗಳ ಮುಂಚಿತ ಸೂಚನೆ ಬೇಕು. ಪ್ರಶ್ನೆಯನ್ನು ನೀವೇ ಬರೆದು ಕೊಡುವುದು ಉತ್ತಮ. ಕಳೆದ ಮೂರು ವರ್ಷಗಳಲ್ಲಿ ಈ ಸಂಖ್ಯೆಯ ಸರಕು ಯಾವ ದೇಶದಿಂದ ಎಷ್ಟು ಬಂದಿದೆ, ಎಷ್ಟಕ್ಕೆ ಸುಂಕ ವಿನಾಯಿತಿ ಸಿಕ್ಕಿದೆ ಎಂದು ಕೇಳಿದರೆ ಉತ್ತರ ಕಡತಕ್ಕೆ ಸೇರುತ್ತದೆ. ನಡೆಯುತ್ತಿರುವ ಮಾತುಕತೆಯ ಕಾಗದಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ, ವಿದೇಶಿ ಸಂಬಂಧದ ಕಾರಣ ನೀಡಿ 8ನೇ ಕಲಮಿನ ಅಡಿ ನಿರಾಕರಿಸಬಹುದು. ಅಂಕಿ ಕೇಳಿ, ನಿಲುವು ಕೇಳಬೇಡಿ.

ಸರಕು ಅದರ ತವರಿನ ಬೆಲೆಗಿಂತ ಕಡಿಮೆಗೆ ಬಂದು ಬೀಳುತ್ತಿದ್ದರೆ ದಾರಿ ಬೇರೆ. ಅದು ವಾಣಿಜ್ಯ ಪರಿಹಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಟಿಆರ್ ನಡೆಸುವ ಆ್ಯಂಟಿ ಡಂಪಿಂಗ್ ತನಿಖೆ. ಅರ್ಜಿಯನ್ನು ಬೆಂಬಲಿಸುವ ಉತ್ಪಾದಕರು ದೇಶದ ಒಟ್ಟು ಉತ್ಪಾದನೆಯ ಕನಿಷ್ಠ ಶೇ 25ರಷ್ಟನ್ನು ಪ್ರತಿನಿಧಿಸಬೇಕು, ಆದ್ದರಿಂದ ಇದು ಒಂದು ತಾಲ್ಲೂಕಿನ ಸಂಘದ ಕೈಲಾಗುವುದಿಲ್ಲ; ರಾಮನಗರ, ಶಿಡ್ಲಘಟ್ಟದವರಷ್ಟೇ ಅಲ್ಲ, ಹೊರರಾಜ್ಯದವರೂ ಕೂಡಬೇಕು. ಚೀನಾದ ಹಿಪ್ಪುನೇರಳೆ ರೇಷ್ಮೆಯ ಮೇಲೆ ಭಾರತ ಹಿಂದೆ ಇಂತಹ ಸುಂಕ ಹಾಕಿತ್ತು, ಹಾಗಾಗಿ ದಾರಿ ಸವೆದಿದೆ. ಬಿಚ್ಚಾಣಿಕೆ ಘಟಕಗಳ ಖರ್ಚು, ಉತ್ಪಾದನೆ, ನಷ್ಟದ ದಾಖಲೆ ಇಲ್ಲದೆ ಈ ಬಾಗಿಲು ತೆರೆಯದು; ಕೈಬರಹದ ಚೀಟಿಗಳಲ್ಲಿ ವ್ಯವಹಾರ ಮುಗಿಸುವ ಘಟಕಗಳು ಇಂದಿನಿಂದಲೇ ಲೆಕ್ಕದ ಪುಸ್ತಕ ಇಡಬೇಕು.

ಮಾವು, ದ್ರಾಕ್ಷಿ, ಹೂವಿನವರಿಗೆ ಸುಂಕಕ್ಕಿಂತ ಗುಣಮಟ್ಟದ ನಿಯಮಗಳೇ ದೊಡ್ಡ ತಡೆ. 2014ರ ಮೇ 1ರಿಂದ ಐರೋಪ್ಯ ಒಕ್ಕೂಟವು ಹಣ್ಣುನೊಣದ ಕಾರಣಕ್ಕೆ ಭಾರತದ ಮಾವನ್ನು ತಡೆದಿತ್ತು, 2015ರಲ್ಲಿ ತಡೆ ತೆರವಾಯಿತು. ಇಂತಹ ಹೊಸ ನಿಯಮವನ್ನು ತರುವ ದೇಶ ಮೊದಲೇ ವಿಶ್ವ ವ್ಯಾಪಾರ ಸಂಸ್ಥೆಗೆ ತಿಳಿಸಿ, ಸಾಮಾನ್ಯವಾಗಿ 60 ದಿನ ಅಭಿಪ್ರಾಯಕ್ಕೆ ಬಿಡಬೇಕು. ‘ಇ–ಪಿಂಗ್’ ಎಂಬ ಉಚಿತ ವ್ಯವಸ್ಥೆಯಲ್ಲಿ ನೋಂದಾಯಿಸಿ ನಿಮ್ಮ ಸರಕಿನ ಸಂಖ್ಯೆಯನ್ನೂ ಕೊಳ್ಳುವ ದೇಶವನ್ನೂ ನಮೂದಿಸಿದರೆ ಸೂಚನೆ ಇ–ಮೇಲ್‌ಗೆ ಬರುತ್ತದೆ. ಶ್ರೀನಿವಾಸಪುರದ ಮಾವಿನ ಸಂಘವೊಂದರಲ್ಲಿ ಓದು ಬಲ್ಲ ಒಬ್ಬ ಯುವಕನಿಗೋ ಯುವತಿಗೋ ಈ ಕೆಲಸ ವಹಿಸಿದರೆ ಸಾಕು. ಸೂಚನೆ ಬಂದ ಕೂಡಲೇ ಕೃಷಿ ರಫ್ತನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯಾದ ಅಪೆಡಾದ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಬರೆದು, ನಿಯಮವು ಕೀಟನಾಶಕವೊಂದರ ಬಗ್ಗೆ ಆಗಿದ್ದರೆ ಅದನ್ನು ನಮ್ಮ ತೋಟಗಳಲ್ಲಿ ಯಾವ ಹಂತದಲ್ಲಿ, ಎಷ್ಟು ದಿನ ಮುಂಚೆ ಸಿಂಪಡಿಸುತ್ತಾರೆ ಎಂಬ ವಿವರ ಕೊಡಿ.

ಕಳುಹಿಸಿದ ಪ್ರತಿ ಪತ್ರಕ್ಕೂ ಸ್ಪೀಡ್ ಪೋಸ್ಟ್ ರಸೀತಿ ಅಂಟಿಸಿದ ಒಂದು ಕಡತ ಸಂಘದ ಕಚೇರಿಯಲ್ಲಿರಲಿ. ಆರು ವಾರ ಕಳೆದರೂ ಉತ್ತರ ಬಾರದಿದ್ದರೆ ಹಳೆಯ ಪತ್ರದ ದಿನಾಂಕ ಸೂಚಿಸಿ, ಆ ಅವಧಿಯ ಹೊಸ ಧಾರಣೆಗಳನ್ನು ಸೇರಿಸಿ ಮತ್ತೆ ಬರೆಯಿರಿ. ಪದಾಧಿಕಾರಿಗಳು ಬದಲಾದಾಗ ಈ ಕಡತವನ್ನೂ ಧಾರಣೆಯ ಹಾಳೆಯನ್ನೂ ಸಭೆಯಲ್ಲಿಯೇ ಹಸ್ತಾಂತರಿಸಿ, ನಡಾವಳಿ ಪುಸ್ತಕದಲ್ಲಿ ಅದನ್ನು ದಾಖಲಿಸಿ.